ವರ್ಷಗಳ ನಂತರ ಮತ್ತೆ ಉಲ್ಲನ್ ಕಡ್ಡಿ ಹಿಡಿಯುವವರಿಗೆ: ಹೆಣಿಗೆಯ ಸಮಗ್ರ ಮಾರ್ಗದರ್ಶಿ

ಶಾಲೆಯ ಹೊಲಿಗೆ ತರಗತಿಯಲ್ಲೋ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತೋ ಹೆಣಿಗೆ ಕಲಿತು, ಒಂದೆರಡು ಸ್ವೆಟರ್‌ಗಳನ್ನೂ ಮುಗಿಸಿ, ಆಮೇಲೆ ಉದ್ಯೋಗ, ಮಕ್ಕಳು, ಸಂಸಾರದ ಗಡಿಬಿಡಿಯಲ್ಲಿ ಅದನ್ನು ಕೈಬಿಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಚಳಿಗಾಲ ಬಂದೊಡನೆ ಟಿಬೆಟಿಯನ್ನರು ಪಾದಚಾರಿ ಮಾರ್ಗಗಳಲ್ಲಿ ಹಾಕುವ ಅಂಗಡಿಗಳಲ್ಲಿ ಲೂಧಿಯಾನದ ಯಂತ್ರದ ಸ್ವೆಟರ್‌ಗಳು ರಾಶಿ ಬೀಳತೊಡಗಿದ ಮೇಲಂತೂ ಕೈಯಲ್ಲಿ ಹೆಣೆಯಲೇಬೇಕೆಂಬ ಒತ್ತಾಯ ಉಳಿಯಲಿಲ್ಲ. ಈಗ ಅದನ್ನು ಅಗತ್ಯಕ್ಕಾಗಿ ಅಲ್ಲದೆ ಹವ್ಯಾಸವಾಗಿ ಮತ್ತೆ ಶುರುಮಾಡಬೇಕೆಂದಿರುವವರಿಗೆ ಹೊಸಬರ ಪಾಠಗಳು ಬೇಸರ ತರಿಸುತ್ತವೆ, ಅನುಭವಿಗಳ ವಿನ್ಯಾಸಗಳು ಗೊಂದಲ ಹುಟ್ಟಿಸುತ್ತವೆ. ನಾನು ಗಮನಿಸಿದಂತೆ, ಮರಳಿ ಬರುವವರು ಬೆರಳುಗಳ ಬಗ್ಗೆ ಅನಗತ್ಯವಾಗಿ ಹೆದರುತ್ತಾರೆ, ಅಳತೆಯ ಬಗ್ಗೆ ಹೆದರಬೇಕಾದಷ್ಟು ಹೆದರುವುದಿಲ್ಲ. ಬೆರಳುಗಳು ಅರ್ಧ ಗಂಟೆಯಲ್ಲಿ ದಾರಿಗೆ ಬರುತ್ತವೆ. ಆದರೆ ಕಡ್ಡಿಯ ಸಂಖ್ಯೆ, ನೂಲಿನ ದಪ್ಪ ಮತ್ತು ವಿನ್ಯಾಸ ಬರೆಯುವ ಕ್ರಮ ಈ ನಡುವೆ ಬದಲಾಗಿರುವುದರಿಂದ, ಹಳೆಯ ಲೆಕ್ಕವನ್ನೇ ನಂಬಿ ಹೊರಟರೆ ಸ್ವೆಟರ್ ಮುಗಿಯುವ ಹೊತ್ತಿಗೆ ಅದು ಯಾರ ಮೈಗೂ ಹೊಂದದಂತಾಗಬಹುದು.

ಮೊದಲು ಹಳೆಯ ಚೀಲವನ್ನು ಪರೀಕ್ಷಿಸಿ

ಅಟ್ಟದಲ್ಲೋ ಬೀರುವಿನ ತಳದಲ್ಲೋ ಉಳಿದಿರುವ ಉಲ್ಲನ್ ಚೀಲವನ್ನು ಒಳಗೆ ತರುವ ಮೊದಲು ಬಿಸಿಲಿನಲ್ಲಿ, ಬಿಳಿಯ ಬಟ್ಟೆಯ ಮೇಲೆ ಸುರಿದು ನೋಡಬೇಕು. ಉಂಡೆಯಿಂದ ಮರಳಿನಂಥ ಕಣಗಳು ಉದುರಿದರೆ, ಅಥವಾ ನೂಲು ಎಳೆದಾಗ ಅಲ್ಲಲ್ಲಿ ತುಂಡಾಗಿ ಕೈಗೆ ಬಂದರೆ, ಅದಕ್ಕೆ ನುಸಿ ಹಿಡಿದಿದೆ ಎಂದು ತಿಳಿಯಬೇಕು. ನುಸಿಯ ಮರಿಗಳು ತಿನ್ನುವುದು ಕುರಿಯ ಉಣ್ಣೆಯಂಥ ಪ್ರಾಣಿಮೂಲದ ಎಳೆಗಳನ್ನು. ಶುದ್ಧ ಅಕ್ರಿಲಿಕ್ ಅವುಗಳಿಗೆ ಆಹಾರವಲ್ಲ. ಹಾಳಾಗದೆ ಉಳಿದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಒಂದೆರಡು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆ, ಮರಿಗಳು ಸಾಯುತ್ತವೆ. ಬೇವಿನ ಎಲೆ ಇಡುವ ರೂಢಿ ಒಳ್ಳೆಯದೇ, ಆದರೆ ಆಗಲೇ ಒಳಗೆ ಸೇರಿದ ನುಸಿಗೆ ಅದನ್ನೊಂದನ್ನೇ ನೆಚ್ಚಿಕೊಳ್ಳಬಾರದು.

ಲೇಬಲ್ ಕಳೆದುಹೋದ ಉಂಡೆ ಯಾವ ಜಾತಿಯದು ಎಂದು ತಿಳಿಯಲು ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಪಾತ್ರೆಯ ಮೇಲೆ ಸುಟ್ಟು ನೋಡಬಹುದು. ಕುರಿಯ ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಹತ್ತಿ ಕಾಗದ ಸುಟ್ಟಂತೆ ಕಮರುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಗುಂಡಾಗುತ್ತದೆ.

ಆ ಚೀಲದಲ್ಲಿ ಅರ್ಧ ಹೆಣೆದ ಸ್ವೆಟರೊಂದು ಇದ್ದೇ ಇರುತ್ತದೆ. ಅದನ್ನು ಮುಗಿಸುವುದರಿಂದಲೇ ಆರಂಭಿಸೋಣ ಎಂಬ ಆಸೆ ಸಹಜ, ಆದರೆ ನನ್ನ ಸಲಹೆ ಬೇಡ ಎಂದೇ. ಅಂದು ನೂಲನ್ನು ಬಿಗಿದ ಪ್ರಮಾಣ ಬೇರೆ, ಇಂದಿನದು ಬೇರೆ. ಎರಡೂ ಒಂದೇ ಬಟ್ಟೆಯಲ್ಲಿ ಸೇರಿದಾಗ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಸಾಲದ ನೂಲಿಗೆ ಅದೇ ಬಣ್ಣದ ಅದೇ ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲು, ಸಿಗುವ ಸಂಭವವೂ ಇಲ್ಲ. ಅದನ್ನು ಬಿಚ್ಚಿ ನೂಲನ್ನು ಉಳಿಸಿಕೊಳ್ಳುವುದು ಜಾಣತನ. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬಿಳಿ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಸ್ವಲ್ಪ ಶಾಂಪೂ ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು ನೆರಳಿನಲ್ಲಿ ತೂಗುಹಾಕಿದರೆ ಉಣ್ಣೆಯ ಗುಂಗುರು ಬಹುಮಟ್ಟಿಗೆ ನೇರವಾಗುತ್ತದೆ. ಅಕ್ರಿಲಿಕ್ ಇಷ್ಟು ಸುಲಭವಾಗಿ ಗುಂಗುರು ಬಿಡುವುದಿಲ್ಲ, ಆದರೂ ಅಭ್ಯಾಸದ ತುಂಡುಗಳಿಗೆ ಅಡ್ಡಿಯಿಲ್ಲ. ಅಂಗಡಿಯ ಸ್ವೆಟರನ್ನು ಬಿಚ್ಚುವ ಯೋಚನೆಯಿದ್ದರೆ ಒಳಗಿನ ಹೊಲಿಗೆ ನೋಡಿ. ಬಟ್ಟೆಯನ್ನು ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಪ್ರತಿ ಸಾಲೂ ತುಂಡುತುಂಡಾಗಿಯೇ ಬರುತ್ತದೆ.

ಕಡ್ಡಿಯ ಸಂಖ್ಯೆಯ ಗೋಜಲು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ನಮ್ಮ ಮನೆಗಳಲ್ಲಿರುವ ಹಳೆಯ ಅಲ್ಯುಮಿನಿಯಂ ಕಡ್ಡಿಗಳ ತಲೆಯ ಮೇಲೆ 8, 10, 12 ಎಂದು ಕೊರೆದಿರುವುದು ಹಳೆಯ ಬ್ರಿಟಿಷ್ ಸಂಖ್ಯೆ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ. 6ನೇ ನಂಬರು 5 ಮಿಲಿಮೀಟರ್, 7ನೇ ನಂಬರು 4.5, 8ನೇ ನಂಬರು 4, 10ನೇ ನಂಬರು 3.25, 11ನೇ ನಂಬರು 3, 12ನೇ ನಂಬರು 2.75 ಮಿಲಿಮೀಟರ್. ಇಂದು ಅಂತರ್ಜಾಲದಲ್ಲಿ ಸಿಗುವ ವಿನ್ಯಾಸಗಳಲ್ಲಿ ಬಹುಪಾಲು ಅಮೆರಿಕದ ಸಂಖ್ಯೆಯನ್ನು ಬಳಸುತ್ತವೆ, ಅದು ಸರಿಯಾಗಿ ತಿರುಗುಮುರುಗು: ಸಂಖ್ಯೆ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಅಮೆರಿಕದ 6ನೇ ನಂಬರು 4 ಮಿಲಿಮೀಟರ್, 8ನೇ ನಂಬರು 5, 10ನೇ ನಂಬರು 6 ಮಿಲಿಮೀಟರ್. ಅಂದರೆ ವಿನ್ಯಾಸದಲ್ಲಿ 10 ಎಂದು ಓದಿ ನಮ್ಮ ಹಳೆಯ 10ನೇ ನಂಬರಿನ ಕಡ್ಡಿ ಹಿಡಿದವರು ಬೇಕಾದುದರ ಅರ್ಧದಷ್ಟು ದಪ್ಪದ ಕಡ್ಡಿಯಲ್ಲಿ ಹೆಣೆಯುತ್ತಿರುತ್ತಾರೆ. ಹಾಗಾಗಿ ಸಂಖ್ಯೆಯನ್ನು ಮರೆತು ಮಿಲಿಮೀಟರ್‌ನಲ್ಲೇ ಯೋಚಿಸುವುದನ್ನು ಮೊದಲ ದಿನದಿಂದ ರೂಢಿಸಿಕೊಳ್ಳಬೇಕು. ಬೇರೆಬೇರೆ ಅಳತೆಯ ತೂತುಗಳಿರುವ ನೀಡಲ್ ಗೇಜ್ ಎಂಬ ಸಣ್ಣ ಪಟ್ಟಿ ಅಗ್ಗದಲ್ಲಿ ಸಿಗುತ್ತದೆ. ಹಳೆಯ ಕಡ್ಡಿಗಳನ್ನೆಲ್ಲ ಅದರಲ್ಲಿ ತೂರಿಸಿ ನೋಡಿ, ಅಳತೆಯನ್ನು ಚೀಟಿಯಲ್ಲಿ ಬರೆದು ಜೋಡಿಗೆ ಕಟ್ಟಿಡಿ.

ಬಾಗಿದ, ತುದಿ ಸವೆದ ಕಡ್ಡಿಗಳನ್ನು ಬಿಟ್ಟುಬಿಡಿ. ಹೊಸದಾಗಿ ಕೊಳ್ಳುವುದಾದರೆ ಒಂದೇ ಜೋಡಿ ಸಾಕು: 4 ಮಿಲಿಮೀಟರ್ ದಪ್ಪದ, 80 ಸೆಂಟಿಮೀಟರ್ ಉದ್ದದ ವೃತ್ತಾಕಾರದ ಕಡ್ಡಿ, ಅಂದರೆ ಎರಡು ಗಿಡ್ಡ ಕಡ್ಡಿಗಳನ್ನು ಪ್ಲಾಸ್ಟಿಕ್ ತಂತಿಯಿಂದ ಜೋಡಿಸಿರುವಂಥದ್ದು. ಕೊಳವೆಯಂತೆ ಸುತ್ತಾಗಿ ಹೆಣೆಯಲು ಮಾತ್ರ ಅದು ಎಂಬ ಭಾವನೆ ಹಲವರಲ್ಲಿದೆ. ಸಾಲು ಮುಗಿದೊಡನೆ ತಿರುಗಿಸಿ ಹಿಡಿದರೆ ಅದರಲ್ಲಿ ಚಪ್ಪಟೆ ಬಟ್ಟೆಯನ್ನೂ ಹೆಣೆಯಬಹುದು. ಬಟ್ಟೆಯ ಭಾರವೆಲ್ಲ ತಂತಿಯ ಮೇಲೆ, ತೊಡೆಯ ಮೇಲೆ ಬೀಳುವುದರಿಂದ ಮಣಿಕಟ್ಟಿಗೂ ಹೆಗಲಿಗೂ ಆಯಾಸ ಕಡಿಮೆ. ಜಾರುವ ಅಕ್ರಿಲಿಕ್ ನೂಲಿಗೆ ಮರ ಅಥವಾ ಬಿದಿರಿನ ಕಡ್ಡಿ ಹಿಡಿತ ಕೊಡುತ್ತದೆ. ಒರಟು ನೂಲಿಗೆ ಸ್ಟೀಲ್ ಲೇಸು.

ನೂಲಿನ ಆಯ್ಕೆ

ಹಿಂದೆ ಅಂಗಡಿಯಲ್ಲಿ ಎರಡೆಳೆ, ನಾಲ್ಕೆಳೆ ಎಂದು ಕೇಳಿದರೆ ಸಾಕಾಗುತ್ತಿತ್ತು. ಇಂದಿನ ಲೇಬಲ್‌ಗಳಲ್ಲಿ ತೆಳುವಿನಿಂದ ದಪ್ಪದ ಕಡೆಗೆ ಫೋರ್ ಪ್ಲೈ, ಡಿಕೆ (ಡಬಲ್ ನಿಟಿಂಗ್), ಆರಾನ್, ಚಂಕಿ ಎಂಬ ಹೆಸರುಗಳಿರುತ್ತವೆ, ಜೊತೆಗೆ ಉಂಡೆಯ ಚಿತ್ರದೊಳಗೆ 0ಯಿಂದ 7ರವರೆಗಿನ ಅಮೆರಿಕದ ದಪ್ಪದ ಸಂಖ್ಯೆಯೂ ಇರಬಹುದು. ಇಲ್ಲೂ ಒಂದು ಬಲೆಯಿದೆ: ಆ ಚಿತ್ರದೊಳಗಿನ 4 ಎಂದರೆ ನಮ್ಮ ಫೋರ್ ಪ್ಲೈ ಅಲ್ಲ, ಅದಕ್ಕಿಂತ ಬಹಳ ದಪ್ಪನೆಯ ನೂಲು. ಫೋರ್ ಪ್ಲೈ ಆ ಪಟ್ಟಿಯಲ್ಲಿ ಸುಮಾರು 1ಕ್ಕೆ, ಡಿಕೆ 3ಕ್ಕೆ ಸರಿಹೊಂದುತ್ತದೆ. ಸಾಮಾನ್ಯವಾಗಿ ಫೋರ್ ಪ್ಲೈ ನೂಲನ್ನು 3.25 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆದರೆ 10 ಸೆಂಟಿಮೀಟರ್ ಅಗಲಕ್ಕೆ 28 ಕುಣಿಕೆಗಳೂ, ಡಿಕೆಯನ್ನು 4 ಮಿಲಿಮೀಟರ್‌ನಲ್ಲಿ ಹೆಣೆದರೆ 22 ಕುಣಿಕೆಗಳೂ, ಆರಾನ್ ನೂಲನ್ನು 5 ಮಿಲಿಮೀಟರ್‌ನಲ್ಲಿ ಹೆಣೆದರೆ 18 ಕುಣಿಕೆಗಳೂ ಬರುತ್ತವೆ.

ಮರಳಿ ಆರಂಭಿಸುವವರಿಗೆ ಡಿಕೆ ಸರಿಯಾದ ದಪ್ಪ. ತಿಳಿ ಬಣ್ಣದ, ನಯವಾದ, ಒಂದೇ ಬಣ್ಣದ ನೂಲನ್ನು ಆರಿಸಬೇಕು. ಕಪ್ಪು, ಕಡುನೀಲಿ ನೂಲಿನಲ್ಲಿ ನಲವತ್ತು ದಾಟಿದ ಕಣ್ಣಿಗೆ ರಾತ್ರಿ ದೀಪದಲ್ಲಿ ಕುಣಿಕೆಗಳು ಕಾಣುವುದೇ ಕಷ್ಟ. ಬೆಂಗಳೂರು, ಮೈಸೂರಿನ ಹವೆಗೆ ಹತ್ತಿ ಬೆರೆತ ನೂಲು ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ, ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಉಣ್ಣೆಯೇ ಬೇಕು. ಆದರೆ ಹತ್ತಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಏರುಪೇರೆಲ್ಲ ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಮೊದಲ ತುಂಡಿಗೆ ಅದು ಬೇಡ. ನಮ್ಮ ಕುರುಬರ ಕಂಬಳಿಯ ದಖನಿ ಉಣ್ಣೆ ನೇಯ್ಗೆಗೆ ಶ್ರೇಷ್ಠವಾದರೂ ಕುತ್ತಿಗೆಗೆ ತಾಗುವ ಉಡುಪಿಗೆ ಚುಚ್ಚುತ್ತದೆ. ವಿನ್ಯಾಸಕ್ಕೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಸಲ, ಒಂದೇ ಲಾಟ್ ಸಂಖ್ಯೆಯವನ್ನು ನೋಡಿ ಕೊಳ್ಳಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣವೆನಿಸಿದ ಎರಡು ಲಾಟ್‌ಗಳು ಹಗಲು ಬೆಳಕಿನಲ್ಲಿ ಬೇರೆಬೇರೆಯೆಂದು ಗೊತ್ತಾಗುತ್ತದೆ.

ಬೆರಳುಗಳಿಗೆ ನೆನಪು ಮಾಡಿಕೊಡುವ ತುಂಡು

ಮೊದಲ ದಿನ ಯಾವ ವಸ್ತುವನ್ನೂ ಹೆಣೆಯಬೇಡಿ, ಒಂದು ಅಭ್ಯಾಸದ ತುಂಡನ್ನಷ್ಟೇ ಹೆಣೆಯಿರಿ. ವೀಡಿಯೋ ನೋಡುವ ಮೊದಲು ಕಡ್ಡಿ, ನೂಲು ಹಿಡಿದು ಸುಮ್ಮನೆ ಪ್ರಯತ್ನಿಸಿ. ಯೋಚಿಸದೆ ಬಿಟ್ಟರೆ ಬೆರಳುಗಳು ತಾವು ಕಲಿತ ರೀತಿಯಲ್ಲೇ ನೂಲನ್ನು ಸುತ್ತುತ್ತವೆ. ವೀಡಿಯೋದಲ್ಲಿ ಎಡಗೈಯಲ್ಲಿ ನೂಲು ಹಿಡಿಯುವ ಯುರೋಪಿನ ಕ್ರಮವನ್ನು ಮೊದಲೇ ನೋಡಿಬಿಟ್ಟರೆ, ಬಲಗೈಯಲ್ಲಿ ಕಲಿತವರ ನೆನಪು ಕಲಸಿಹೋಗುತ್ತದೆ. ಎರಡೂ ಕ್ರಮಗಳು ಸರಿಯೇ, ಒಂದೇ ವಾರದಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಸರಿಯಲ್ಲ.

ಡಿಕೆ ನೂಲು, 4 ಮಿಲಿಮೀಟರ್ ಕಡ್ಡಿಯಲ್ಲಿ 24 ಕುಣಿಕೆಗಳನ್ನು ಏರಿಸಿ. ಎರಡೆಳೆಯಿಂದ ಏರಿಸುವ ಕ್ರಮದಲ್ಲಿ ಬಾಲದ ನೂಲು ಎಷ್ಟು ಬಿಡಬೇಕೆಂಬುದು ಸದಾ ಕಾಡುವ ಪ್ರಶ್ನೆ. ಕಡ್ಡಿಗೆ ನೂಲನ್ನು ಹತ್ತು ಸುತ್ತು ಸುತ್ತಿ, ಬಿಚ್ಚಿ ಅಳೆದು, ಹತ್ತು ಕುಣಿಕೆಗೆ ಅಷ್ಟೆಂದು ಲೆಕ್ಕಹಾಕಿ, ಮೇಲೊಂದು ಗೇಣು ಸೇರಿಸಿದರೆ ತಪ್ಪುವುದಿಲ್ಲ. ಬಿಗಿಯಾಗಿ ಏರಿಸುವ ಅಭ್ಯಾಸವಿರುವವರು ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು ಏರಿಸಿ, ಆಮೇಲೆ ಒಂದನ್ನು ಎಳೆದುಕೊಳ್ಳಬಹುದು. ಮೊದಲ 20 ಸಾಲುಗಳನ್ನು ಪೂರ್ತಿ ನಿಟ್‌ನಲ್ಲಿ (ನೂಲನ್ನು ಹಿಂದಿಟ್ಟು ಹೆಣೆಯುವ ಕುಣಿಕೆ) ಹೆಣೆದರೆ ಎರಡು ಸಾಲಿಗೊಂದರಂತೆ 10 ದಿಂಡುಗಳು ಕಾಣಬೇಕು. ಆಮೇಲಿನ 20 ಸಾಲುಗಳಲ್ಲಿ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ನೂಲನ್ನು ಮುಂದಿಟ್ಟು ಹೆಣೆಯುವ ಕುಣಿಕೆ). ಈ ಹೆಣಿಗೆಯ ಅಂಚು ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ಅದು ನಿಮ್ಮ ಕೈಯ ದೋಷವಲ್ಲ, ಆ ಹೆಣಿಗೆಯ ಗುಣ. ಎರಡೂ ಬದಿಯ ನಾಲ್ಕು ನಾಲ್ಕು ಕುಣಿಕೆಗಳನ್ನು ಎಲ್ಲ ಸಾಲುಗಳಲ್ಲೂ ನಿಟ್ ಮಾಡಿದರೆ ಬಟ್ಟೆ ಚಪ್ಪಟೆಯಾಗಿ ಉಳಿಯುತ್ತದೆ. ಕೊನೆಯ 20 ಸಾಲುಗಳನ್ನು ಎರಡು ನಿಟ್, ಎರಡು ಪರ್ಲ್ ಕ್ರಮದ ರಿಬ್‌ನಲ್ಲಿ ಹೆಣೆದು ಕುಣಿಕೆಗಳನ್ನು ಸಡಿಲವಾಗಿ ಮುಚ್ಚಿ.

ಪ್ರತಿ ಸಾಲಿನ ಕೊನೆಗೂ ಎಣಿಸಿ. 24 ಇದ್ದದ್ದು 25, 27 ಆಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ. ಸಾಲು ಆರಂಭಿಸುವಾಗ ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ನಿಲ್ಲುತ್ತವೆ, ಎರಡನ್ನೂ ಹೆಣೆದುಬಿಡುತ್ತೀರಿ. ಅಥವಾ ಪರ್ಲ್‌ನಿಂದ ನಿಟ್‌ಗೆ ಬದಲಾಗುವಾಗ ನೂಲನ್ನು ಕಡ್ಡಿಗಳ ನಡುವಿನಿಂದ ಹಿಂದಕ್ಕೆ ತರಲು ಮರೆತರೆ, ಅದು ಕಡ್ಡಿಯ ಮೇಲೆ ಹಾದು ಹೊಸ ಕುಣಿಕೆಯಾಗುತ್ತದೆ; ರಿಬ್ ಹೆಣೆಯುವಾಗ ಆಗುವುದು ಇದೇ.

ತಪ್ಪನ್ನು ಓದುವುದು

ಹೆಣಿಗೆಯಲ್ಲಿ ಪಳಗಿದವರಿಗೂ ಹೊಸಬರಿಗೂ ಇರುವ ನಿಜವಾದ ವ್ಯತ್ಯಾಸ ವೇಗದಲ್ಲಿಲ್ಲ. ಬಟ್ಟೆಯನ್ನು ನೋಡಿ ಏನಾಗಿದೆ ಎಂದು ಹೇಳುವುದರಲ್ಲಿದೆ. ನಿಟ್ ಕುಣಿಕೆ ನಮ್ಮ ಕಡೆಗೆ ಇಂಗ್ಲಿಷಿನ ವಿ ಅಕ್ಷರದಂತೆ ಕಾಣುತ್ತದೆ, ಪರ್ಲ್ ಕುಣಿಕೆ ಕೊರಳಿಗೆ ಅಡ್ಡಪಟ್ಟಿ ಕಟ್ಟಿಕೊಂಡಂತೆ ಉಬ್ಬಾಗಿರುತ್ತದೆ. ಕಡ್ಡಿಯ ಮೇಲೆ ಕುಳಿತ ಪ್ರತಿಯೊಂದು ಕುಣಿಕೆಗೂ ಎರಡು ಕಾಲುಗಳಿದ್ದು, ರೂಢಿಯ ಕ್ರಮದಲ್ಲಿ ಬಲಗಾಲು ಕಡ್ಡಿಯ ಮುಂದಿರಬೇಕು. ಪರ್ಲ್ ಮಾಡುವಾಗ ನೂಲನ್ನು ತಿರುಗಾಮುರುಗಾ ಸುತ್ತುವ ಅಭ್ಯಾಸವಿದ್ದರೆ ಎಡಗಾಲು ಮುಂದೆ ಬರುತ್ತದೆ; ಅಂಥ ಕುಣಿಕೆಯನ್ನು ಮುಂದಿನಿಂದ ನಿಟ್ ಮಾಡಿದರೆ ಅದು ತಿರುಚಿಕೊಂಡು ಬಟ್ಟೆ ಬಿಗಿಯಾಗುತ್ತದೆ. ನಿಮ್ಮ ಬಟ್ಟೆಯಲ್ಲಿ ಎರಡು ಸಾಲಿಗೊಮ್ಮೆ ವಿ ಆಕಾರದ ಕಾಲುಗಳು ಒಂದರ ಮೇಲೊಂದು ಹೆಣೆದುಕೊಂಡಂತೆ ಕಂಡರೆ ಇದೇ ಕಾರಣ. ಹಿಂದಿನ ಕಾಲಿನಿಂದ ನಿಟ್ ಮಾಡಿದರೆ ಸರಿಹೋಗುತ್ತದೆ.

ಬಿಟ್ಟುಹೋದ ಕುಣಿಕೆಯನ್ನು ಎತ್ತಲು ಅಭ್ಯಾಸದ ತುಂಡಿನಲ್ಲಿಯೇ ಬೇಕೆಂದು ಒಂದು ಕುಣಿಕೆಯನ್ನು ಜಾರಿಸಿ, ನಾಲ್ಕೈದು ಸಾಲು ಕೆಳಗಿಳಿಯಲು ಬಿಡಿ. ಏಣಿಯ ಮೆಟ್ಟಿಲುಗಳಂತೆ ಅಡ್ಡ ಎಳೆಗಳು ಕಾಣುತ್ತವೆ. ಕ್ರೋಶಾ ಕಡ್ಡಿಯನ್ನು ನಿಟ್ ಬದಿಯಿಂದ ಕುಣಿಕೆಯೊಳಗೆ ಹಾಕಿ, ಎಲ್ಲಕ್ಕಿಂತ ಕೆಳಗಿನ ಎಳೆಯಿಂದ ಶುರುಮಾಡಿ ಒಂದೊಂದನ್ನೇ ಕುಣಿಕೆಯ ಮೂಲಕ ಎಳೆಯುತ್ತ ಮೇಲೆ ಬಂದರೆ ಗುರುತೂ ಉಳಿಯುವುದಿಲ್ಲ. ಇದನ್ನೊಮ್ಮೆ ಮಾಡಿದವರಿಗೆ ಕುಣಿಕೆ ಜಾರುವ ಭಯ ಮತ್ತೆ ಬರುವುದಿಲ್ಲ.

ಅಳತೆಯ ಚೌಕ

ಉಡುಪು ಆರಂಭಿಸುವ ಮೊದಲು ಅದೇ ನೂಲು, ಕಡ್ಡಿಯಲ್ಲಿ ಸಣ್ಣ ಚೌಕವೊಂದನ್ನು ಹೆಣೆದು ಕುಣಿಕೆಗಳನ್ನು ಎಣಿಸಬೇಕು. ಹಿಂದೆ ಇದನ್ನು ಯಾರು ಮಾಡುತ್ತಿದ್ದರು ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ವಿನ್ಯಾಸ 10 ಸೆಂಟಿಮೀಟರಿಗೆ 22 ಕುಣಿಕೆ ಎಂದಿದೆ, ಎದೆಯ ಸುತ್ತಳತೆ 100 ಸೆಂಟಿಮೀಟರಿಗೆ 220 ಕುಣಿಕೆ ಏರಿಸಲು ಹೇಳಿದೆ. ನಿಮ್ಮ ಕೈ ಸ್ವಲ್ಪ ಬಿಗಿಯಾಗಿದ್ದು 24 ಕುಣಿಕೆ ಬರುತ್ತಿದ್ದರೆ ಅದೇ 220 ಕುಣಿಕೆಗಳಲ್ಲಿ ಬರುವುದು 92 ಸೆಂಟಿಮೀಟರಿಗೂ ಕಡಿಮೆ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಎಂಟು ಸೆಂಟಿಮೀಟರ್ ಮಾಯವಾಗುತ್ತದೆ.

ಆದ್ದರಿಂದ 30 ಕುಣಿಕೆ ಏರಿಸಿ, 15 ಸೆಂಟಿಮೀಟರ್ ಎತ್ತರದವರೆಗೆ ಹೆಣೆದು, ಉಡುಪನ್ನು ಹೇಗೆ ಒಗೆಯುವಿರೋ ಹಾಗೆಯೇ ಒಗೆದು, ಒಣಗಿಸಿ, ಅಂಚನ್ನು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಬೇಕು. ಕುಣಿಕೆಗಳು ಹೆಚ್ಚಿದ್ದರೆ ದಪ್ಪ ಕಡ್ಡಿಗೆ, ಕಡಿಮೆಯಿದ್ದರೆ ತೆಳು ಕಡ್ಡಿಗೆ ಬದಲಿಸಬೇಕು. ಕೈಯನ್ನು ಬೇಕೆಂದು ಬಿಗಿಮಾಡುವ, ಸಡಿಲಿಸುವ ಪ್ರಯತ್ನ ನಾಲ್ಕು ಸಾಲಿನ ಆಚೆ ನಡೆಯುವುದಿಲ್ಲ. ಮರಳಿ ಬಂದವರ ಕೈ ಮೊದಲ ವಾರಗಳಲ್ಲಿ ಬಿಗಿಯಾಗಿದ್ದು ಕ್ರಮೇಣ ಸಡಿಲವಾಗುವುದರಿಂದ, ದೊಡ್ಡ ಉಡುಪಿನ ಮೊದಲು ಈ ಚೌಕವನ್ನು ಮತ್ತೊಮ್ಮೆ ಹೆಣೆಯುವುದು ಒಳ್ಳೆಯದು.

ವಿನ್ಯಾಸ ಓದುವಾಗಲೂ ಅದು ಯಾವ ದೇಶದ್ದೆಂದು ನೋಡಬೇಕು. ನಮ್ಮ ಹಳೆಯ ಪುಸ್ತಕಗಳು ಬ್ರಿಟಿಷ್ ಮಾತುಗಳನ್ನು ಬಳಸುತ್ತಿದ್ದವು. ಬ್ರಿಟನ್ನಿನ ಕಾಸ್ಟ್ ಆಫ್ (ಕುಣಿಕೆ ಮುಚ್ಚುವುದು) ಅಮೆರಿಕದಲ್ಲಿ ಬೈಂಡ್ ಆಫ್, ಟೆನ್ಶನ್ (10 ಸೆಂಟಿಮೀಟರಿಗೆ ಬರುವ ಕುಣಿಕೆಗಳ ಎಣಿಕೆ) ಅಮೆರಿಕದಲ್ಲಿ ಗೇಜ್, ಸ್ಟಾಕಿಂಗ್ ಸ್ಟಿಚ್ (ಒಂದು ಸಾಲು ನಿಟ್, ಒಂದು ಸಾಲು ಪರ್ಲ್) ಅಮೆರಿಕದಲ್ಲಿ ಸ್ಟಾಕಿನೆಟ್. ಮಾಸ್ ಸ್ಟಿಚ್ ಮಾತ್ರ ಎರಡೂ ಕಡೆ ಒಂದೇ ಹೆಸರಿನ ಎರಡು ಬೇರೆ ಹೆಣಿಗೆಗಳು: ಬ್ರಿಟನ್ನಿನದರಲ್ಲಿ ನಿಟ್, ಪರ್ಲ್ ಕುಣಿಕೆಗಳು ಪ್ರತಿ ಸಾಲಿಗೂ ಸ್ಥಾನ ಬದಲಿಸಿದರೆ ಅಮೆರಿಕದ್ದರಲ್ಲಿ ಎರಡು ಸಾಲಿಗೊಮ್ಮೆ ಬದಲಿಸುತ್ತವೆ. 2007ರಲ್ಲಿ ಆರಂಭವಾದ ರಾವೆಲ್ರಿ ಜಾಲತಾಣದಲ್ಲಿ ಉಚಿತ ವಿನ್ಯಾಸಗಳು ಹೇರಳವಾಗಿವೆ, ನಿಮ್ಮಲ್ಲಿರುವ ನೂಲಿನ ದಪ್ಪವನ್ನು ಕೊಟ್ಟು ಹುಡುಕಲೂಬಹುದು.

ಮೊದಲ ಉಡುಪು: ಮಗುವಿನ ಕುಲಾವಿ

ಮಫ್ಲರ್ ಸುಲಭವೆಂದು ಎಲ್ಲರೂ ಅದನ್ನೇ ಸೂಚಿಸುತ್ತಾರೆ, ಆದರೆ ಒಂದೂವರೆ ಮೀಟರ್ ಒಂದೇ ಹೆಣಿಗೆ ಹಾಕುವಷ್ಟರಲ್ಲಿ ಉತ್ಸಾಹ ಬತ್ತಿಹೋಗುತ್ತದೆ. ಕುಲಾವಿ ಮೂರ್ನಾಲ್ಕು ಸಂಜೆಗಳಲ್ಲಿ ಮುಗಿಯುತ್ತದೆ. ರಿಬ್, ನಿಟ್, ಪರ್ಲ್, ಕುಣಿಕೆ ಕಡಿಮೆ ಮಾಡುವುದು, ಜೋಡಿಸಿ ಹೊಲಿಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ಮೂರು ತಿಂಗಳು ದಾಟಿದ ಮಗುವಿಗೆ ಡಿಕೆ ನೂಲಿನ 50 ಗ್ರಾಂ ಉಂಡೆಯೊಂದು ಸಾಕು.

3.25 ಮಿಲಿಮೀಟರ್ ಕಡ್ಡಿಯಲ್ಲಿ (ನಮ್ಮ ಹಳೆಯ 10ನೇ ನಂಬರು) 74 ಕುಣಿಕೆ ಏರಿಸಿ. ಮೊದಲ ಸಾಲಿನಲ್ಲಿ ಎರಡು ನಿಟ್, ಎರಡು ಪರ್ಲ್ ಎಂದು ಹೋಗಿ ಕೊನೆಗೆ ಎರಡು ನಿಟ್ ಉಳಿಯಬೇಕು. ಮರಳಿ ಬರುವ ಸಾಲು ಎರಡು ಪರ್ಲ್‌ನಿಂದ ಆರಂಭವಾಗುತ್ತದೆ. ಹೀಗೆ 3 ಸೆಂಟಿಮೀಟರ್ ರಿಬ್ ಆದ ಮೇಲೆ 4 ಮಿಲಿಮೀಟರ್ ಕಡ್ಡಿಗೆ ಬದಲಿಸಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್‌ನಂತೆ ಏರಿಸಿದ ಅಂಚಿನಿಂದ 11 ಸೆಂಟಿಮೀಟರ್ ಆಗುವವರೆಗೆ ಹೆಣೆದು, ಪರ್ಲ್ ಸಾಲಿಗೆ ನಿಲ್ಲಿಸಿ. ಈಗ ನೆತ್ತಿ: ಒಂದು ನಿಟ್, ಆಮೇಲೆ ಏಳು ನಿಟ್ ಮಾಡಿ ಎರಡು ಕುಣಿಕೆಗಳನ್ನು ಸೇರಿಸಿ ಒಂದು ನಿಟ್ ಮಾಡುವುದನ್ನು ಎಂಟು ಸಲ, ಕೊನೆಗೆ ಒಂದು ನಿಟ್. 66 ಕುಣಿಕೆಗಳು ಉಳಿಯುತ್ತವೆ. ಮರಳುವ ಸಾಲು ಪೂರ್ತಿ ಪರ್ಲ್. ಮುಂದಿನ ನಿಟ್ ಸಾಲಿನಲ್ಲಿ ಏಳರ ಬದಲು ಆರು, ಅದರ ಮುಂದಿನದರಲ್ಲಿ ಐದು, ಹೀಗೆ ಒಂದೊಂದೇ ಇಳಿಸುತ್ತ, ಕೊನೆಯ ನಿಟ್ ಸಾಲಿನಲ್ಲಿ ಎರಡೆರಡು ಕುಣಿಕೆಗಳನ್ನು ಸೇರಿಸುವುದಷ್ಟೇ ಉಳಿದು, ಕಡ್ಡಿಯ ಮೇಲೆ 10 ಕುಣಿಕೆಗಳಿರುತ್ತವೆ. ನೂಲನ್ನು ಎರಡು ಗೇಣು ಬಿಟ್ಟು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ, 10 ಕುಣಿಕೆಗಳ ಮೂಲಕ ಎರಡು ಸುತ್ತು ಹಾಯಿಸಿ ಬಿಗಿಯಾಗಿ ಎಳೆಯಿರಿ.

ಉಳಿದ ನೂಲಿನಲ್ಲೇ ಬದಿಯನ್ನು ಹೊಲಿಯಬಹುದು. ಸರಿ ಬದಿಗಳು ಮೇಲಿರುವಂತೆ ಎರಡೂ ಅಂಚುಗಳನ್ನು ಪಕ್ಕಪಕ್ಕ ಇಟ್ಟು, ಮೊದಲ ಮತ್ತು ಎರಡನೆಯ ಕುಣಿಕೆಯ ನಡುವಿನ ಅಡ್ಡ ಎಳೆಯನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ದಬ್ಬಣದಲ್ಲಿ ಎತ್ತುತ್ತ ಹೋಗಿ, ನಾಲ್ಕೈದು ಸಾಲಿಗೊಮ್ಮೆ ಎಳೆದರೆ ಹೊಲಿಗೆ ಒಳಗೆ ಅಡಗುತ್ತದೆ. 74ರಲ್ಲಿ ಎರಡು ಕುಣಿಕೆಗಳನ್ನು ಹೆಚ್ಚಾಗಿ ಇಟ್ಟಿದ್ದು ಇದಕ್ಕಾಗಿಯೇ. ಗುಂಡಿ, ಮಣಿ ಬೇಡ. ಅವು ಮಗುವಿನ ಬಾಯಿಗೆ ಹೋಗುತ್ತವೆ.

ಮಣಿಕಟ್ಟು, ಒಗೆತ ಮತ್ತು ಮುಂದಿನ ಉಡುಪು

ಹದಿನೆಂಟರ ವಯಸ್ಸಿನಲ್ಲಿ ಮೂರು ಗಂಟೆ ಒಂದೇ ಸಮನೆ ಹೆಣೆದ ಕೈಗಳಿಗೆ ಈಗ ಅಷ್ಟು ತಾಳಿಕೆಯಿಲ್ಲ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳುಗಳನ್ನು ಪೂರ್ತಿ ಬಿಚ್ಚಿ ಮಡಚಿ, ಹೆಗಲನ್ನು ತಿರುಗಿಸಬೇಕು. ಬೆರಳುಗಳು ಜುಮ್ಮೆನ್ನುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು ಶುರುವಾದರೆ ಹೆಣಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸುವುದೇ ಸರಿ.

ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳ ಮೇಲಿನ ಸೂಕ್ಷ್ಮ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಅದನ್ನು ಹಿಂದಕ್ಕೆ ತರಲಾಗದು. ತಣ್ಣೀರಿನಲ್ಲಿ ಅದ್ದಿ, ಟವೆಲಿನಲ್ಲಿ ಸುತ್ತಿ ಒತ್ತಿ, ಹಗ್ಗಕ್ಕೆ ಹಾಕದೆ ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಅಕ್ರಿಲಿಕ್ ಬಟ್ಟೆಗೆ ಇಸ್ತ್ರಿ ಮುಟ್ಟಿಸಬಾರದು. ಒಮ್ಮೆ ಕಾವು ಹೆಚ್ಚಾದರೆ ಅದು ಜೋತುಬಿದ್ದು ಪುಟಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಕುಲಾವಿಯ ನಂತರ ನೇರವಾಗಿ ತುಂಬುತೋಳಿನ ಸ್ವೆಟರಿಗೆ ಹಾರುವ ಬದಲು ತೋಳಿಲ್ಲದ ಸ್ವೆಟರ್ ಹೆಣೆಯಿರಿ. ಬೆಂಗಳೂರಿನ ಡಿಸೆಂಬರಿಗೆ ಅಷ್ಟೇ ಸಾಕು ಕೂಡ. ತುಂಬುತೋಳಿನದೇ ಬೇಕೆಂದರೆ ಕುತ್ತಿಗೆಯಿಂದ ಕೆಳಕ್ಕೆ ವೃತ್ತಾಕಾರದ ಕಡ್ಡಿಯಲ್ಲಿ ಹೆಣೆಯುವ ವಿನ್ಯಾಸ ಹುಡುಕಿ. ಹಿಂದೆ ಬೆನ್ನು, ಎದೆ, ತೋಳುಗಳನ್ನು ಬೇರೆಬೇರೆ ಹೆಣೆದು ಕೊನೆಗೆ ಜೋಡಿಸುತ್ತಿದ್ದವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಹೆಣೆಯುತ್ತಿರುವಾಗಲೇ ತಲೆಯ ಮೇಲಿನಿಂದ ಹಾಕಿ ಅಳತೆ ನೋಡಬಹುದು, ಹೊಲಿಗೆಯೂ ಬಹುತೇಕ ಇರುವುದಿಲ್ಲ. ದೊಡ್ಡವರ ಅಳತೆಗೆ ಡಿಕೆ ನೂಲು ಸುಮಾರು 500 ಗ್ರಾಂ ಬೇಕಾಗುತ್ತದೆ. ಒಂದು ಉಂಡೆ ಹೆಚ್ಚಿಗೆ ಕೊಂಡು, ಲಾಟ್ ಸಂಖ್ಯೆಯಿರುವ ಲೇಬಲ್, ಬಳಸಿದ ಕಡ್ಡಿಯ ಮಿಲಿಮೀಟರ್ ಮತ್ತು ಅಳತೆಯ ಚೌಕದ ಎಣಿಕೆಯನ್ನು ಒಂದೇ ಪುಸ್ತಕದಲ್ಲಿ ಅಂಟಿಸಿ, ಬರೆದಿಡಿ.